ನಾಲ್ಕು ವಾರ ಫ್ರೆಂಚ್ ಕಲಿಯೋಕೆ ಫ್ರಾನ್ಸ್‌ಗೆ: ಹಾಸನದಲ್ಲೇ ಮುಗಿಸಿಕೊಳ್ಳಬೇಕಾದ ತಯಾರಿ

ನಾಲ್ಕು ವಾರ ಫ್ರಾನ್ಸ್‌ನಲ್ಲಿದ್ದು ಬಂದರೆ ಫ್ರೆಂಚ್ ಮಾತಾಡೋಕೆ ಬರುತ್ತಾ? ಹಾಸನ, ಬೇಲೂರು, ಸಕಲೇಶಪುರದ ಕಡೆಯವರು ಈಗೀಗ ಈ ಪ್ರಶ್ನೆ ಕೇಳುತ್ತಿದ್ದಾರೆ. ಡಿಗ್ರಿ ಓದುವ ಹುಡುಗ ಹುಡುಗಿಯರು ಇದ್ದಾರೆ. ಎಸ್ಟೇಟಿನಲ್ಲಿ ಹೋಮ್‌ಸ್ಟೇ ನಡೆಸುವವರು ಇದ್ದಾರೆ. ಬೆಂಗಳೂರಿನ ಕಂಪನಿಗೆ ಊರಿನಿಂದಲೇ ಕೆಲಸ ಮಾಡುವವರೂ ಇದ್ದಾರೆ.

ಉತ್ತರ ಹೇಳುವ ಮೊದಲು ಒಂದು ಸಣ್ಣ ಲೆಕ್ಕ. ಅಲ್ಲಿನ ಭಾಷಾ ಶಾಲೆಗಳಲ್ಲಿ ಸಾಮಾನ್ಯ ಕೋರ್ಸ್ ಅಂದರೆ ವಾರಕ್ಕೆ 20 ಗಂಟೆ ಪಾಠ. ನಾಲ್ಕು ವಾರಕ್ಕೆ 80 ಗಂಟೆ ಆಯಿತು. ಯುರೋಪಿನಲ್ಲಿ ಭಾಷೆ ಕಲಿಕೆಯನ್ನು ಎ1ರಿಂದ ಸಿ2ವರೆಗೆ ಆರು ಮೆಟ್ಟಿಲಾಗಿ ಅಳೆಯುತ್ತಾರೆ. ಮೊದಲ ಮೆಟ್ಟಿಲು ಎ1 ಮುಗಿಸುವುದಕ್ಕೇ ಸುಮಾರು 60ರಿಂದ 100 ಗಂಟೆ ಬೇಕು. ಅಂದರೆ ಏನೂ ಗೊತ್ತಿಲ್ಲದೆ ವಿಮಾನ ಹತ್ತಿದವರು ಲಕ್ಷಗಟ್ಟಲೆ ಖರ್ಚು ಮಾಡಿ ಹೆಸರು, ವಯಸ್ಸು, ಗಂಟೆ ಎಷ್ಟು, ಬ್ರೆಡ್ಡಿಗೆ ಎಷ್ಟು ಎಂದು ಕೇಳುವಷ್ಟನ್ನು ಕಲಿತು ಬರುತ್ತಾರೆ. ಅಷ್ಟನ್ನು ಹಾಸನದ ಮನೆಯಲ್ಲಿ ಕೂತೇ ಕಲಿಯಬಹುದು.

ಹಾಗಾಗಿ ನನ್ನ ಸಲಹೆ ಇಷ್ಟೇ. ಎ1 ಇಲ್ಲೇ ಮುಗಿಸಿ, ಎ2 ತರಗತಿಗೆ ಸೇರುವಂತೆ ಹೋಗಿ. ಪಾಸ್‌ಪೋರ್ಟ್, ವೀಸಾ, ದುಡ್ಡು ಎಲ್ಲದರ ದಿನಾಂಕವನ್ನೂ ಇದಕ್ಕೆ ಹೊಂದಿಸಿಕೊಳ್ಳಿ. ಒಟ್ಟು ಆರು ತಿಂಗಳು ಕೈಯಲ್ಲಿರಲಿ.

ಯಾವ ತಿಂಗಳು ಹೋಗುವುದು?

ಕಾಫಿ ತೋಟದ ಮನೆಯವರಾದರೆ ನವೆಂಬರಿಂದ ಫೆಬ್ರವರಿ ಮಾರ್ಚಿನ ತನಕ ಯೋಚನೆಯೇ ಬೇಡ. ಅರೇಬಿಕಾ, ಆಮೇಲೆ ರೊಬಸ್ಟಾ ಹಣ್ಣು ಕೊಯ್ಲು ನಡೆಯುವಾಗ ಮನೆಯಿಂದ ಒಬ್ಬರು ಹೊರಟರೆ ಯಾರಿಗೂ ನೆಮ್ಮದಿ ಇರಲ್ಲ. ಅಲ್ಲೂ ಆ ಹೊತ್ತಿಗೆ ಚಳಿ, ಡಿಸೆಂಬರಿನಲ್ಲಂತೂ ಸಂಜೆ ಐದು ಐದೂವರೆಗೇ ಕತ್ತಲೆ.

ಮೇ, ಜೂನ್ ಚೆನ್ನಾಗಿರುತ್ತದೆ. ಜೂನಿನಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ, ಹೊರಗೆ ಓಡಾಡಿ ಮಾತಾಡುವುದಕ್ಕೆ ಸಮಯ ಸಿಗುತ್ತದೆ. ತೊಂದರೆ ಏನೆಂದರೆ ಬೇಸಿಗೆ ರಜೆಗೆ ಯುರೋಪಿಗೆ ಹೊರಟವರೆಲ್ಲ ಏಪ್ರಿಲ್, ಮೇ ತಿಂಗಳಲ್ಲೇ ವೀಸಾ ಅಪಾಯಿಂಟ್‌ಮೆಂಟಿಗೆ ಮುಗಿಬೀಳುತ್ತಾರೆ. ಆಗಸ್ಟ್ ಬೇಡ. ಫ್ರೆಂಚರು ಆ ತಿಂಗಳು ರಜೆ ಹಾಕಿ ಊರು ಬಿಡುತ್ತಾರೆ, ಸಣ್ಣ ಊರುಗಳಲ್ಲಿ ಅಂಗಡಿಗಳೂ ಮುಚ್ಚಿರುತ್ತವೆ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಒಳ್ಳೆಯದು. ಹವೆ ಹಿತ, ಟಿಕೆಟ್ ಬೇಸಿಗೆಗಿಂತ ಅಗ್ಗ, ಇಲ್ಲಿ ಕೊಯ್ಲಿಗೆ ಇನ್ನೂ ಸಮಯ ಇರುತ್ತದೆ. ಸೆಪ್ಟೆಂಬರಿಗೆ ಹೋಗುವುದಾದರೆ ಮಾರ್ಚಿನಲ್ಲಿ ಕೆಲಸ ಶುರು ಮಾಡಬೇಕು.

ಮೊದಲ ಹೆಜ್ಜೆ: ಪಾಸ್‌ಪೋರ್ಟ್

ಪಾಸ್‌ಪೋರ್ಟ್ ಇಲ್ಲದವರು ಮೊದಲು ಅದನ್ನೇ ಮಾಡಿಸಿ. ಹಾಸನದ ಹೆಡ್ ಪೋಸ್ಟ್ ಆಫೀಸಿನಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಆನ್‌ಲೈನಿನಲ್ಲಿ ಅರ್ಜಿ ತುಂಬಿ, ದಿನಾಂಕ ತೆಗೆದುಕೊಂಡು ಹೋಗಬೇಕು. ದೊಡ್ಡವರಿಗೆ 36 ಪುಟದ ಪುಸ್ತಕಕ್ಕೆ 1500 ರೂಪಾಯಿ. ತತ್ಕಾಲ್ ಬೇಕಾದರೆ ಮೇಲೆ 2000. ಪೊಲೀಸ್ ವೆರಿಫಿಕೇಶನ್‌ಗೆ ಫೋನ್ ಬಂದಾಗ ಊರಲ್ಲಿರಿ. ಬೆಂಗಳೂರಿನ ಪಿಜಿಯಲ್ಲಿದ್ದುಕೊಂಡು ಹಾಸನದ ವಿಳಾಸ ಕೊಟ್ಟವರು ಸುಮ್ನೆ ಅಲೆದಾಡುತ್ತಾರೆ.

ಪಾಸ್‌ಪೋರ್ಟ್ ಇದ್ದವರು ಮೂರು ವಿಷಯ ನೋಡಿಕೊಳ್ಳಿ. ಕೊಟ್ಟು ಹತ್ತು ವರ್ಷ ದಾಟಿರಬಾರದು. ಯುರೋಪಿನಿಂದ ವಾಪಸ್ ಹೊರಡುವ ದಿನದ ನಂತರವೂ ಮೂರು ತಿಂಗಳ ಅವಧಿ ಉಳಿದಿರಬೇಕು. ಎರಡು ಖಾಲಿ ಪುಟ ಇರಬೇಕು.

ನಮ್ಮ ಕಡೆ ಇನ್ನೊಂದು ತಲೆನೋವು ಹೆಸರಿನದ್ದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿಸಿದ್ದು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ವೀಸಾ ಅರ್ಜಿ, ಶಾಲೆಯ ಪತ್ರ, ವಿಮಾನದ ಟಿಕೆಟ್, ವಿಮೆ ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವ ಹೆಸರೇ ಇರಲಿ. ಸರ್‌ನೇಮ್ ಇಲ್ಲದವರ ಟಿಕೆಟ್‌ನಲ್ಲಿ ಏನು ಬರೆಯಬೇಕು ಎಂಬುದು ವಿಮಾನ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಬುಕ್ ಮಾಡುವ ಮೊದಲೇ ಕೇಳಿಕೊಳ್ಳಿ.

ಎರಡನೇ ಹೆಜ್ಜೆ: ಎ1 ಮನೆಯಲ್ಲೇ

ಹಾಸನದಲ್ಲಿ ಪಕ್ಕಾ ಫ್ರೆಂಚ್ ಕಲಿಸುವವರು ಹುಡುಕಿದರೂ ಸಿಗುವುದು ಕಷ್ಟ. ಆದರೆ ಬೆಂಗಳೂರಿನ ವಸಂತನಗರದಲ್ಲಿ ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾಂಸೇಸ್ ಸಂಸ್ಥೆ ಇದೆ, ಆನ್‌ಲೈನ್ ತರಗತಿಯನ್ನೂ ನಡೆಸುತ್ತದೆ. ವಾರಕ್ಕೆ ನಾಲ್ಕೈದು ಗಂಟೆಯಂತೆ ಹಿಡಿದರೂ ನಾಲ್ಕೈದು ತಿಂಗಳಲ್ಲಿ ಎ1 ಮುಗಿಯುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುತ್ತವೆ. ತರಗತಿಯ ದಿನ ಪೇಟೆಯಲ್ಲಿರುವ ನೆಂಟರ ಮನೆಗೆ ಹೋಗಿ ಕೂರುವ ವ್ಯವಸ್ಥೆ ಮಾಡಿಕೊಳ್ಳಿ.

ತರಗತಿಯ ಜೊತೆಗೆ ದಿನಾ ಕಿವಿಗೆ ಕೆಲಸ ಕೊಡಬೇಕು. ಫ್ರೆಂಚಿನಲ್ಲಿ ನಮ್ಮವರು ಎಡವುವುದು ಇಲ್ಲೇ. ಕನ್ನಡದಲ್ಲಿ ಬರೆದದ್ದನ್ನೆಲ್ಲ ಓದುತ್ತೇವೆ. ಫ್ರೆಂಚಿನಲ್ಲಿ ಪದದ ಕೊನೆಯ ಅಕ್ಷರಗಳು ಬಹಳ ಸಲ ಬಾಯಿಗೇ ಬರುವುದಿಲ್ಲ, ಇನ್ನು ಕೆಲವು ಸಲ ಮುಂದಿನ ಪದಕ್ಕೆ ಅಂಟಿಕೊಳ್ಳುತ್ತವೆ. ಪುಸ್ತಕದಲ್ಲಿ ಸಲೀಸಾಗಿ ಓದಿದ ವಾಕ್ಯ ಯಾರೋ ಹೇಳಿದಾಗ ಗುರುತೇ ಸಿಗುವುದಿಲ್ಲ. ಟಿವಿ5 ಮೋಂದ್ ಚಾನೆಲ್‌ನವರ ಫ್ರೆಂಚ್ ಕಲಿಕೆಯ ತಾಣದಲ್ಲಿ ಹಂತಕ್ಕೆ ತಕ್ಕ ವಿಡಿಯೊ, ಅಭ್ಯಾಸ ಪುಕ್ಕಟೆ ಸಿಗುತ್ತವೆ. ಎ1ರ ಕೊನೆಗೆ ಬಂದ ಮೇಲೆ ಆರ್‌ಎಫ್‌ಐ ರೇಡಿಯೊದ ಸರಳ ಫ್ರೆಂಚಿನ ಹತ್ತು ನಿಮಿಷದ ಸುದ್ದಿ ಕೇಳಲು ಶುರು ಮಾಡಿ. ಮೊದಲು ಹತ್ತರಲ್ಲಿ ಒಂದು ಮಾತು ತಿಳಿದರೂ ಸಾಕು.

ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಬಾಯಿಪಾಠ ಮಾಡುವ ಅಭ್ಯಾಸ ಬೇಡ. ಫ್ರೆಂಚಿನ ಕೆಲವು ಸ್ವರಗಳಿಗೆ ನಮ್ಮಲ್ಲಿ ಅಕ್ಷರವೇ ಇಲ್ಲ. ಹಾಗೆ ಬರೆದುಕೊಂಡರೆ ತಪ್ಪು ಉಚ್ಚಾರಣೆ ಗಟ್ಟಿಯಾಗುತ್ತದೆ. ಈ ಲೇಖನದಲ್ಲಿ ನಾನು ಬರೆದಿರುವುದೂ ಅಂದಾಜಿಗೆ ಅಷ್ಟೇ.

ಅಂಕಿಗಳಿಗೆ ಒಂದು ವಾರ ಬೇರೆಯಾಗಿ ಇಡಿ. 70 ಅನ್ನು ಅರವತ್ತು ಹತ್ತು ಅನ್ನುತ್ತಾರೆ, 80 ಅಂದರೆ ನಾಲ್ಕು ಇಪ್ಪತ್ತು, 92 ಅಂದರೆ ನಾಲ್ಕು ಇಪ್ಪತ್ತು ಹನ್ನೆರಡು. ಅಂಗಡಿಯಲ್ಲಿ ಬೆಲೆ, ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮು, ಫೋನ್ ನಂಬರು ಎಲ್ಲ ಈ ಲೆಕ್ಕದಲ್ಲೇ ಬರುತ್ತವೆ. ಸಮಯ 24 ಗಂಟೆಯ ಲೆಕ್ಕ. ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ.

ಒಂದು ಕಡೆ ನಮಗೆ ಅನುಕೂಲ ಇದೆ. ನೀನು, ನೀವು ಎಂಬ ಭೇದ ಫ್ರೆಂಚಿನಲ್ಲೂ ಇದೆ. ಇಂಗ್ಲಿಷ್ ಮಾತಾಡಿ ಬೆಳೆದವರು ಇಲ್ಲಿ ತಿಣುಕುತ್ತಾರೆ, ನಮಗೆ ತಾನಾಗಿಯೇ ಬರುತ್ತದೆ.

ಎ1 ಮುಗಿದಾಗ ಸಾಧ್ಯವಾದರೆ ಡೆಲ್ಫ್ ಎ1 ಎಂಬ, ಫ್ರಾನ್ಸ್ ಸರ್ಕಾರದ ಫ್ರೆಂಚ್ ಭಾಷಾ ಪರೀಕ್ಷೆ ಬರೆದುಬಿಡಿ. ಆ ಸರ್ಟಿಫಿಕೇಟಿಗೆ ಅವಧಿ ಮುಗಿಯುವುದೇ ಇಲ್ಲ. ವೀಸಾ ಅರ್ಜಿ ಹಾಕುವ ಹೊತ್ತಿಗೆ ಅದು ಕೈಗೆ ಬಂದಿದ್ದರೆ ಇನ್ನೂ ದೊಡ್ಡ ಲಾಭ ಇದೆ. ಈ ವ್ಯಕ್ತಿ ನಿಜವಾಗಿಯೂ ಭಾಷೆ ಕಲಿಯೋಕೆ ಹೊರಟಿದ್ದಾರೆ ಎಂದು ಅದು ಹೇಳುತ್ತದೆ.

ಮೂರನೇ ಹೆಜ್ಜೆ: ಊರು, ಶಾಲೆ

ಎಲ್ಲರ ಬಾಯಲ್ಲೂ ಮೊದಲು ಬರುವುದು ಪ್ಯಾರಿಸ್. ಅಲಿಯಾನ್ಸ್ ಫ್ರಾಂಸೇಸ್ ಹುಟ್ಟಿದ್ದು ಅಲ್ಲೇ, 1883ರಲ್ಲಿ. ಶಾಲೆಗಳು ಚೆನ್ನಾಗಿವೆ. ಆದರೂ ಭಾಷೆ ಕಲಿಯುವುದೇ ಗುರಿಯಾದರೆ ನಾನು ಪ್ಯಾರಿಸ್‌ಗಿಂತ ಸಣ್ಣ ಊರಿನ ಪರ. ಪ್ಯಾರಿಸ್‌ನಲ್ಲಿ ಬಾಡಿಗೆ ಜಾಸ್ತಿ, ನೀವು ತಡವರಿಸಿದ ಕೂಡಲೇ ಎದುರಿಗಿರುವವರು ಇಂಗ್ಲಿಷಿಗೆ ಹೊರಳುತ್ತಾರೆ. ಗ್ರೆನೋಬ್ಲ್, ಮೊಂಪೆಲಿಯೆ, ವಿಶಿ ಥರದ ಊರುಗಳಲ್ಲಿ ಖರ್ಚು ಕಡಿಮೆ, ಬೇಕರಿಯವರು ಎರಡನೇ ದಿನಕ್ಕೇ ಮುಖ ಗುರುತು ಹಿಡಿಯುತ್ತಾರೆ. ವಿಶಿಯ ಕಾವಿಲಾಮ್ ಎಂಬ ಭಾಷಾ ಶಾಲೆ 1964ರಿಂದ ವಿದೇಶಿಯರಿಗೆ ಫ್ರೆಂಚ್ ಕಲಿಸುತ್ತಿದೆ. ಗ್ರೆನೋಬ್ಲ್‌ನಲ್ಲಿ ವಿಶ್ವವಿದ್ಯಾಲಯದ್ದೇ ಭಾಷಾ ಕೇಂದ್ರ ಇದೆ.

ಶಾಲೆ ಆರಿಸುವಾಗ ಕ್ವಾಲಿತೆ ಎಫ್‌ಎಲ್‌ಇ ಎಂಬ ಗುರುತು ಇದೆಯೇ ನೋಡಿ. ಫ್ರಾನ್ಸ್ ಸರ್ಕಾರದ ಕಡೆಯಿಂದ ಪರಿಶೀಲನೆ ನಡೆಸಿ ಭಾಷಾ ಶಾಲೆಗಳಿಗೆ ಕೊಡುವ ಮಾನ್ಯತೆ ಇದು. ಆಮೇಲೆ ಇಮೇಲ್ ಬರೆದು ಕೇಳಿ. ಒಂದು ಪಾಠ ಅಂದರೆ 60 ನಿಮಿಷವೋ 45 ನಿಮಿಷವೋ? ತರಗತಿಯಲ್ಲಿ ಜಾಸ್ತಿ ಅಂದರೆ ಎಷ್ಟು ಜನ? ನಮ್ಮ ಮಟ್ಟಕ್ಕೆ ಯಾವ ಸೋಮವಾರ ಸೇರಬಹುದು? ಕೊನೆಯದಾಗಿ, ವೀಸಾ ಸಿಗದಿದ್ದರೆ ಕಟ್ಟಿದ ಫೀಸು ವಾಪಸ್ ಬರುತ್ತಾ? ಇದಕ್ಕೆ ಬರಹದಲ್ಲಿ ಉತ್ತರ ಬರುವ ತನಕ ದುಡ್ಡು ಕಟ್ಟಬೇಡಿ. ಇಪ್ಪತ್ತು ಗಂಟೆಯ ಗುಂಪು ತರಗತಿಗೆ ವಾರಕ್ಕೆ ಸಾಮಾನ್ಯವಾಗಿ 200ರಿಂದ 350 ಯೂರೋ ಆಗುತ್ತದೆ. ಯೂರೋಗೆ ನೂರು ರೂಪಾಯಿಯ ಮೇಲಿಟ್ಟುಕೊಂಡೇ ಲೆಕ್ಕ ಹಾಕಿ.

ಉಳಿದುಕೊಳ್ಳಲು ಹಾಸ್ಟೆಲ್ ಅಥವಾ ಸ್ಟುಡಿಯೊಗಿಂತ ಫ್ರೆಂಚ್ ಕುಟುಂಬದ ಮನೆ ಒಳ್ಳೆಯದು. ಶಾಲೆಯೇ ಹುಡುಕಿಕೊಡುತ್ತದೆ. ದಿನಾ ರಾತ್ರಿ ಊಟದ ಮೇಜಿನಲ್ಲಿ ಒಂದು ಗಂಟೆ ಮಾತು ಸಿಗುತ್ತದೆ, ಅದಕ್ಕೆ ಬೇರೆ ಫೀಸಿಲ್ಲ. ಸಸ್ಯಾಹಾರಿಗಳು ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಯಿರಿ. ಬರೀ ವೆಜಿಟೇರಿಯನ್ ಅಂದರೆ ಮೀನು ಬಡಿಸುವವರಿದ್ದಾರೆ. ಮಾಂಸ, ಮೀನು, ಮೊಟ್ಟೆ ಯಾವುದು ತಿನ್ನುತ್ತೀರಿ, ಯಾವುದು ಇಲ್ಲ ಎಂದು ಒಂದೊಂದಾಗಿ ಹೇಳಿ. ದನದ ಮಾಂಸ ಮಾತ್ರ ಬೇಡ ಅನ್ನುವವರೂ ಅಷ್ಟನ್ನು ಬರೆದರೆ ಸಾಕು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅಡುಗೆಮನೆ ಬಳಸಲು ಬಿಡುತ್ತಾರಾ ಎಂದೂ ಕೇಳಿ. ಬಹಳ ಮನೆಗಳಲ್ಲಿ ಬಿಡುವುದಿಲ್ಲ.

ಫ್ರಾನ್ಸ್ ಬಿಟ್ಟು ಬೇರೆ ಕಡೆ? ಬ್ರಸೆಲ್ಸ್, ಜಿನೀವಾದಲ್ಲೂ ಕಲಿಯಬಹುದು. ಅಲ್ಲಿ 70, 90ಕ್ಕೆ ಸರಳ ಪದಗಳಿವೆ, ಆದರೆ ಜಿನೀವಾದ ಖರ್ಚು ಕೇಳಿದರೆ ತಲೆ ತಿರುಗುತ್ತದೆ. ಕೆನಡಾದಲ್ಲಿ ಆರು ತಿಂಗಳೊಳಗಿನ ಕೋರ್ಸಿಗೆ ಸ್ಟಡಿ ಪರ್ಮಿಟ್ ಬೇಡ, ವಿಸಿಟರ್ ವೀಸಾ ಸಾಕು. ಬಜೆಟ್ಟೇ ಇಲ್ಲ ಅನ್ನುವವರಿಗೆ ಪುದುಚೇರಿ ಇದೆ. ಅಲ್ಲಿನ ಅಲಿಯಾನ್ಸ್ ಫ್ರಾಂಸೇಸ್ ಹಳೆಯ ಸಂಸ್ಥೆ. ಬೀದಿಯಲ್ಲಿ ಕೇಳುವುದು ತಮಿಳೇ ಆದರೂ ಕಲಿಕೆಗೆ ಕೊರತೆಯಿಲ್ಲ.

ನಾಲ್ಕನೇ ಹೆಜ್ಜೆ: ವೀಸಾ

ಇದಕ್ಕೆ ಜನ ಹೆದರುವಷ್ಟು ಹೆದರಬೇಕಿಲ್ಲ, ಆದರೆ ಅಸಡ್ಡೆ ಮಾಡಿದರೆ ಎಲ್ಲವೂ ಹೋಗುತ್ತದೆ. 90 ದಿನದೊಳಗಿನ ಕೋರ್ಸಿಗೆ ಶೆಂಗೆನ್ ಅಲ್ಪಾವಧಿ ವೀಸಾ, ಅಂದರೆ ಫ್ರಾನ್ಸೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ, ಸಾಕು. 180 ದಿನದ ಅವಧಿಯಲ್ಲಿ ಒಟ್ಟು 90 ದಿನ ಇರಬಹುದು, ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಅದಕ್ಕಿಂತ ಉದ್ದದ ಕೋರ್ಸಾದರೆ ದೀರ್ಘಾವಧಿ ವಿದ್ಯಾರ್ಥಿ ವೀಸಾ, ಅದಕ್ಕೆ ವಿದೇಶಿ ವಿದ್ಯಾರ್ಥಿಗಳಿಗಾಗಿ ಇರುವ ಕ್ಯಾಂಪಸ್ ಫ್ರಾನ್ಸ್ ಎಂಬ ಸರ್ಕಾರಿ ಸಂಸ್ಥೆಯ ಮೂಲಕ ಹೋಗಬೇಕು. ಅದು ಬೇರೆಯೇ ಕಥೆ.

ಫ್ರಾನ್ಸ್-ವೀಸಾಸ್ ಎಂಬ ಸರ್ಕಾರಿ ತಾಣದಲ್ಲಿ ಅರ್ಜಿ ತುಂಬಿ, ದೂತಾವಾಸದ ಪರವಾಗಿ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕಂಪನಿಯ ಬೆಂಗಳೂರು ಕೇಂದ್ರದಲ್ಲಿ ಕಾಗದ, ಬೆರಳಚ್ಚು ಕೊಡಬೇಕು. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕಡೇ ಪಕ್ಷ 15 ದಿನ ಮೊದಲು ಹಾಕಲೇಬೇಕು. ತೀರ್ಮಾನಕ್ಕೆ ಮಾಮೂಲಾಗಿ 15 ದಿನ, ಸಂದೇಹ ಬಂದರೆ 45 ದಿನದ ತನಕ ಎಳೆಯಬಹುದು. ಹಾಗಾಗಿ ಹೊರಡುವ ದಿನಕ್ಕೆ ಎರಡೂವರೆ ಮೂರು ತಿಂಗಳು ಇರುವಾಗ ಹಾಕುವುದು ಸರಿ. 2024ರ ಜೂನ್‌ನಿಂದ ದೊಡ್ಡವರಿಗೆ ವೀಸಾ ಶುಲ್ಕ 90 ಯೂರೋ, ವಿಎಫ್‌ಎಸ್‌ನ ಸೇವಾ ಶುಲ್ಕ ಬೇರೆ. ಸಿಕ್ಕಲಿ ಬಿಡಲಿ, ಈ ದುಡ್ಡು ವಾಪಸ್ ಬರಲ್ಲ.

ಪ್ರಯಾಣದ ಉದ್ದೇಶ ಕೇಳುವ ಕಡೆ ಟೂರಿಸಂ ಎಂದು ಹಾಕಿದರೆ ಸುಲಭ ಎಂದು ಕೆಲವು ಏಜೆಂಟರು ಹೇಳಿಕೊಡುತ್ತಾರೆ. ಬೇಡ. ಶಾಲೆಯ ಪತ್ರ ಒಂದು ಹೇಳಿ, ಅರ್ಜಿ ಇನ್ನೊಂದು ಹೇಳಿದರೆ ಕಡತದ ಮೇಲೇ ಅನುಮಾನ ಬರುತ್ತದೆ. ಓದು ಎಂದೇ ಹಾಕಿ. ಅರ್ಜಿಯ ಮೇಲೆ ತೀರ್ಮಾನ ಮಾಡುವುದು ಫ್ರೆಂಚ್ ದೂತಾವಾಸದವರು. ವಿಎಫ್‌ಎಸ್ ಕೌಂಟರಿನವರು ಕಾಗದ ತೆಗೆದುಕೊಳ್ಳುತ್ತಾರೆ ಅಷ್ಟೇ, ಅವರ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ.

ಕಾಗದಗಳಲ್ಲಿ ಶಾಲೆಯ ಸೇರ್ಪಡೆ ಪತ್ರ, ವಾಸದ ಪುರಾವೆ, ಹೋಗಿ ಬರುವ ಟಿಕೆಟ್ ಬುಕ್ಕಿಂಗ್, ಪ್ರಯಾಣ ವಿಮೆ, 35 ಮಿಲಿಮೀಟರ್ ಅಗಲ 45 ಮಿಲಿಮೀಟರ್ ಎತ್ತರದ ಫೋಟೊ ಇರಬೇಕು. ವಿಮೆ ಕಡೇ ಪಕ್ಷ 30,000 ಯೂರೋ ಮೊತ್ತದ್ದಾಗಿರಬೇಕು, ಶೆಂಗೆನ್ ದೇಶಗಳಿಗೆಲ್ಲ ಅನ್ವಯಿಸಬೇಕು. ವೀಸಾ ಕೈಗೆ ಬರುವ ಮೊದಲು ರದ್ದು ಮಾಡಲಾಗದ ಟಿಕೆಟ್ ಖರೀದಿಸಬೇಡಿ.

ದುಡ್ಡಿನ ಪುರಾವೆಗೆ ಬಂದರೆ, ವಾಸದ ಬುಕ್ಕಿಂಗ್ ಇಲ್ಲದವರು ದಿನಕ್ಕೆ 120 ಯೂರೋ, ಹೋಟೆಲ್ ಬುಕ್ಕಿಂಗ್ ಇದ್ದವರು ದಿನಕ್ಕೆ 65 ಯೂರೋ ತೋರಿಸಬೇಕು ಎನ್ನುವುದು ಫ್ರಾನ್ಸ್‌ನ ಲೆಕ್ಕ. 28 ದಿನಕ್ಕೆ 65ರಂತೆ 1820 ಯೂರೋ ಆಯಿತು. ಕನಿಷ್ಠಕ್ಕೆ ತಕ್ಕಷ್ಟೇ ಇಡುವ ಬದಲು ಸ್ವಲ್ಪ ಮೇಲೇ ಇರಲಿ. ಅರ್ಜಿ ಹಾಕುವ ವಾರ ಎಲ್ಲಿಂದಲೋ ತಂದು ಖಾತೆಗೆ ಹಾಕಿದ ದೊಡ್ಡ ಮೊತ್ತ ಎದ್ದು ಕಾಣುತ್ತದೆ. ಮೂರು ತಿಂಗಳ ಸ್ಟೇಟ್‌ಮೆಂಟ್ ನೋಡಿದರೆ ಮನೆಯ ನಿಜವಾದ ವರಮಾನ ಗೊತ್ತಾಗುವಂತಿರಬೇಕು.

ಇಲ್ಲಿ ಕೃಷಿಕರ ಮನೆಯವರಿಗೆ ಒಂದು ಮಾತು. ಸಂಬಳದ ಚೀಟಿ ನಮ್ಮಲ್ಲಿ ಇರಲ್ಲ, ಐಟಿ ರಿಟರ್ನ್ ಹಾಕುವ ಅಭ್ಯಾಸವೂ ಬಹಳ ಮನೆಗಳಲ್ಲಿ ಇಲ್ಲ. ಪಹಣಿ ಇರುತ್ತದೆ, ಅದು ಕನ್ನಡದಲ್ಲಿ. ಹಾಗೇ ಜೆರಾಕ್ಸ್ ಹೊಡೆದು ಕೊಟ್ಟರೆ ಅದನ್ನು ಓದುವವರು ಯಾರು? ಇಂಗ್ಲಿಷಿಗೆ ಅನುವಾದ ಮಾಡಿಸಿ, ನೋಟರಿ ಹಾಕಿಸಿ. ಜೊತೆಗೆ ಕಾಫಿ, ಮೆಣಸು ಮಾರಿದ ಬಿಲ್ಲು, ಆ ದುಡ್ಡು ಬ್ಯಾಂಕಿಗೆ ಬಿದ್ದ ದಾಖಲೆ ಇಡಿ. ಕಾಫಿಯ ದುಡ್ಡು ವರ್ಷಕ್ಕೆ ಒಂದೆರಡು ಸಲ ಮಾತ್ರ ಬರುವುದು. ಮೂರು ತಿಂಗಳ ಸ್ಟೇಟ್‌ಮೆಂಟಿನಲ್ಲಿ ಅದು ಕಾಣದೇ ಹೋಗಬಹುದು. ಹಾಗಿದ್ದರೆ ವರ್ಷದ ಸ್ಟೇಟ್‌ಮೆಂಟನ್ನೇ ಕೊಡಿ, ಒಂದು ಸಾಲಿನ ವಿವರಣೆ ಬರೆಯಿರಿ. ಅಪ್ಪನೋ ಅಣ್ಣನೋ ಖರ್ಚು ನೋಡಿಕೊಳ್ಳುವುದಾದರೆ ಅವರ ಪತ್ರ, ಸಂಬಂಧ ತೋರಿಸುವ ದಾಖಲೆ ಬೇಕು.

ಕವರಿಂಗ್ ಲೆಟರ್ ಒಂದು ಪುಟ ಸಾಕು. ಫ್ರೆಂಚ್ ಏಕೆ, ಈ ಶಾಲೆ ಏಕೆ, ಈಗಾಗಲೇ ಎಷ್ಟು ಕಲಿತಿದ್ದೀರಿ, ವಾಪಸ್ ಬಂದು ಏನು ಮಾಡುತ್ತೀರಿ. ಕೊನೆಯದ್ದು ಮುಖ್ಯ. ಕಾಲೇಜಿನ ಬೋನಫೈಡ್, ಕಂಪನಿಯ ರಜೆ ಪತ್ರ, ಹೋಮ್‌ಸ್ಟೇ ಪರವಾನಗಿ, ಯಾವುದಿದ್ದರೆ ಅದನ್ನು ಲಗತ್ತಿಸಿ. ಅಂತರ್ಜಾಲದಿಂದ ಎತ್ತಿದ ಪತ್ರ ಬೇಡ, ಅಂಥ ಪತ್ರಗಳನ್ನು ಅವರು ದಿನಾ ನೋಡುತ್ತಾರೆ.

ವಿಎಫ್‌ಎಸ್‌ಗೆ ಹೋಗುವ ದಿನ ಹಾಸನದಿಂದ ಬೆಳಗಿನ ಜಾವದ ಬಸ್ಸು ಹಿಡಿದರೆ ನಾಲ್ಕು ಗಂಟೆಯಲ್ಲಿ ಬೆಂಗಳೂರು ಎನ್ನುವುದು ಕಾಗದದ ಮೇಲಿನ ಮಾತು. ನೆಲಮಂಗಲದಿಂದ ಗೊರಗುಂಟೆಪಾಳ್ಯ ದಾಟುವುದರಲ್ಲೇ ಎಷ್ಟು ಹೊತ್ತು ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಲ್ವಾ. ಮಧ್ಯಾಹ್ನದ ಮೇಲಿನ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ.

ವೀಸಾ ಅಂಟಿಸಿದ ಪಾಸ್‌ಪೋರ್ಟ್ ಬಂದ ಕೂಡಲೇ ಹೆಸರು, ಪಾಸ್‌ಪೋರ್ಟ್ ನಂಬರು, ಎಷ್ಟು ದಿನ ಇರಬಹುದು ಎಂಬ ಮೂರನ್ನೂ ನೋಡಿ. ಯಾವ ದಿನದಿಂದ ಯಾವ ದಿನದವರೆಗೆ ಎಂಬುದು ಬೇರೆ, ಅದರೊಳಗೆ ಎಷ್ಟು ದಿನ ಎಂಬುದು ಬೇರೆ. ಇವೆರಡನ್ನು ಒಂದೇ ಎಂದು ತಿಳಿದು ಹೆಚ್ಚು ದಿನ ಉಳಿದರೆ ಮುಂದಿನ ವೀಸಾಕ್ಕೆ ಕುತ್ತು.

ಐದನೇ ಹೆಜ್ಜೆ: ದುಡ್ಡು, ಫೋನು

ವಿದೇಶಿ ಹಣ ಮೊದಲೇ ತುಂಬಿಸಿಡುವ ಫೋರೆಕ್ಸ್ ಕಾರ್ಡಿಗೆ ಯೂರೋ ಹಾಕಿಸಿ. ಜೊತೆಗೆ ಸಣ್ಣ ನೋಟುಗಳಲ್ಲಿ 200 ಯೂರೋ ನಗದು ಇದ್ದರೆ ಸಾಕು. ನಿಮ್ಮ ಬ್ಯಾಂಕ್ ಕಾರ್ಡಿನಲ್ಲಿ ವಿದೇಶಿ ಬಳಕೆ ಆನ್ ಮಾಡಿಟ್ಟುಕೊಳ್ಳಿ. ಅಲ್ಲಿ ಕಾರ್ಡ್ ಉಜ್ಜುವಾಗ ರೂಪಾಯಿಯಲ್ಲೋ ಯೂರೋದಲ್ಲೋ ಎಂದು ಯಂತ್ರ ಕೇಳಿದರೆ ಯಾವಾಗಲೂ ಯೂರೋ ಒತ್ತಿ. ರೂಪಾಯಿ ಒತ್ತಿದರೆ ದರದಲ್ಲಿ ಕತ್ತರಿ ಬೀಳುತ್ತದೆ. ಫೋನ್‌ಪೇ, ಗೂಗಲ್‌ಪೇ ಮರೆತುಬಿಡಿ. 2024ರಲ್ಲಿ ಐಫೆಲ್ ಗೋಪುರದ ಟಿಕೆಟಿಗೆ ಯುಪಿಐ ಬಂತು ಎಂದು ದೊಡ್ಡ ಸುದ್ದಿಯಾಯಿತು ನಿಜ, ವಿಶಿಯ ತರಕಾರಿ ಸಂತೆಗೆ ಅದು ಬಂದಿಲ್ಲ.

ಊರಿನ ಸಿಮ್ ತೆಗೆದು ಬಿಸಾಡಬೇಡಿ. ಬ್ಯಾಂಕಿನ ಓಟಿಪಿ ಅದಕ್ಕೇ ಬರುವುದು. ಹೊರಡುವ ಮೊದಲೇ ರೋಮಿಂಗ್ ಹಾಕಿಸಿ, ಡೇಟಾಗೆ ಅಲ್ಲಿನ ಸಿಮ್ ಅಥವಾ ಇ-ಸಿಮ್ ಬಳಸಿ. ನಮ್ಮ ಎರಡು ಕಡ್ಡಿಯ ಮೊಬೈಲ್ ಚಾರ್ಜರ್ ಅಲ್ಲಿನ ಪ್ಲಗ್ಗಿಗೆ ಹೊಂದುತ್ತದೆ. ಲ್ಯಾಪ್‌ಟಾಪಿನ ಮೂರು ಕಡ್ಡಿಯ ಪ್ಲಗ್ಗಿಗೆ ಮಾತ್ರ ಅಡಾಪ್ಟರ್ ಬೇಕು.

ಆರನೇ ಹೆಜ್ಜೆ: ಊರಿನ ಬಗ್ಗೆ ಮಾತು ಕಟ್ಟಿಕೊಳ್ಳುವುದು

ಇದನ್ನು ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ, ನನಗೆ ಮಾತ್ರ ಇದೇ ಮುಖ್ಯ ಅನ್ನಿಸುತ್ತದೆ. ತರಗತಿಯ ಮೊದಲ ವಾರ ಎಲ್ಲರೂ ತಮ್ಮ ಊರಿನ ಬಗ್ಗೆ ಹೇಳಬೇಕು. ಬ್ರೆಜಿಲ್‌ನವರು, ಜಪಾನಿನವರು, ಜರ್ಮನಿಯವರು ಇರುತ್ತಾರೆ. ಬೆಂಗಳೂರಿನ ಹತ್ತಿರ ಒಂದು ಊರು ಎಂದು ಹೇಳಿ ಕೂತರೆ ಮಾತು ಅಲ್ಲಿಗೇ ನಿಂತಿತು. ಊಟದ ಮೇಜಿನಲ್ಲೂ ಅದೇ ಗತಿ.

ಹೊರಡುವ ಮೊದಲು ನಾಲ್ಕೈದು ವಿಷಯಗಳ ಮೇಲೆ ಹತ್ತು ಹತ್ತು ಸರಳ ವಾಕ್ಯ ಬರೆದು, ಶಿಕ್ಷಕರಿಂದ ತಿದ್ದಿಸಿ, ಬಾಯಿಗೆ ಬರಿಸಿಕೊಳ್ಳಿ. ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಯ ಗುಡಿಯ ಬಗ್ಗೆ ಹೇಳಿದರೆ ಕೇಳದವರಿಲ್ಲ, ಹಿಂದೆಯೇ ಏಕೆ, ಯಾವಾಗ, ಎಷ್ಟು ಜನ ಎಂದು ಪ್ರಶ್ನೆ ಬರುತ್ತವೆ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಯುನೆಸ್ಕೊದ ಮುಖ್ಯ ಕಚೇರಿ ಇರುವುದು ಪ್ಯಾರಿಸ್‌ನಲ್ಲೇ. ವಿಶಿಗೆ ಹೋಗುವವರಾದರೆ ಇನ್ನೂ ಸುಲಭ. ಆ ಊರೂ 2021ರಲ್ಲಿ ಯುರೋಪಿನ ಬಿಸಿನೀರ ಬುಗ್ಗೆಯ ಪಟ್ಟಣಗಳ ಜೊತೆ ಅದೇ ಪಟ್ಟಿಗೆ ಸೇರಿದೆ.

ಫ್ರೆಂಚರ ಕಿವಿ ನೆಟ್ಟಗಾಗುವ ಇನ್ನೊಂದು ವಿಷಯ ಶೆಟ್ಟಿಹಳ್ಳಿಯ ಚರ್ಚು. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ, ಬೇಸಿಗೆಗೆ ಮತ್ತೆ ಕಾಣುತ್ತದೆ. ಫೋನಿನಲ್ಲಿ ಎರಡು ಕಾಲದ ಎರಡು ಫೋಟೊ ಇಟ್ಟುಕೊಂಡು ಹೋಗಿ. ಭೂತಕಾಲದ ಕ್ರಿಯಾಪದಗಳ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇಕಾ?

ಕಾಫಿಯ ಬಗ್ಗೆ ಹೇಳುವುದಿದ್ದರೆ ಸ್ವಲ್ಪ ಜಾಸ್ತಿಯೇ ಸಿದ್ಧವಾಗಿ. ಕಾಫಿ ಕುಡಿಯುವ ದೇಶ, ಆದರೆ ಗಿಡ ನೋಡಿದವರು ಕಡಿಮೆ. ಹೂವು ಯಾವಾಗ, ಹಣ್ಣು ಯಾವಾಗ, ನೆರಳಿನ ಮರ ಏಕೆ, ಮೆಣಸಿನ ಬಳ್ಳಿ ಎಲ್ಲಿ ಎಂಬುದನ್ನೆಲ್ಲ ಫ್ರೆಂಚಿನಲ್ಲಿ ಹೇಳಲು ಬಂದರೆ ಹೋಮ್‌ಸ್ಟೇ ನಡೆಸುವವರಿಗೆ ಮುಂದೆ ಅದೇ ಬಂಡವಾಳ. ನಮ್ಮ ಫಿಲ್ಟರ್ ಕಾಫಿಗೆ ಬೆರೆಸುವ ಚಿಕೋರಿಯನ್ನು ಉತ್ತರ ಫ್ರಾನ್ಸ್‌ನಲ್ಲಿ ಇವತ್ತಿಗೂ ಬೆಳೆಯುತ್ತಾರೆ ಎಂಬುದೂ ನೆನಪಿರಲಿ.

ಲಗೇಜ್

ಅಲ್ಲಿ ನೀವು ಉಳಿಯುವ ಮನೆಯವರಿಗೆ ಉಡುಗೊರೆಯಾಗಿ ಸೀಲ್ ಮಾಡಿದ ಕಾಫಿ ಪುಡಿ, ಮೆಣಸು, ಏಲಕ್ಕಿ ಒಯ್ಯಿರಿ. ಮೈಸೂರು ಪಾಕು, ಪೇಡ, ತುಪ್ಪ ಬೇಡ. ಹೊರದೇಶದಿಂದ ಹಾಲು, ಮಾಂಸದ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಕರಿಬೇವಿನ ಸೊಪ್ಪೂ ಬೇಡ, ಸೊಪ್ಪಿಗೆ ಸರ್ಟಿಫಿಕೇಟ್ ಕೇಳುತ್ತಾರೆ. ಆದರೆ ತೆಂಗಿನಕಾಯಿ, ಬಾಳೆಹಣ್ಣಿಗೆ ಯಾವ ಸರ್ಟಿಫಿಕೇಟೂ ಕೇಳುವುದಿಲ್ಲ ಎಂಬುದು ತಮಾಷೆಯಾದರೂ ನಿಜ. ಮೀನಿಗೆ 20 ಕಿಲೋ ತನಕ ಅವಕಾಶ ಇದೆ. ಆದರೆ ಒಣಮೀನು ಒಯ್ದು ಅವರ ಮನೆಯ ಕಪಾಟಿನಲ್ಲಿಟ್ಟರೆ ಮೊದಲ ರಾತ್ರಿಯೇ ಸಂಬಂಧ ಕೆಟ್ಟೀತು. ಚಟ್ನಿಪುಡಿ ಬಹಳ ಉಪಕಾರಿ.

ಔಷಧಿ ತೆಗೆದುಕೊಳ್ಳುವವರು ಡಾಕ್ಟರ ಚೀಟಿಯನ್ನು ಇಂಗ್ಲಿಷಿನಲ್ಲಿ, ಔಷಧಿಯ ರಾಸಾಯನಿಕ ಹೆಸರಿನೊಂದಿಗೆ ಬರೆಸಿಕೊಳ್ಳಿ. ಸೆಪ್ಟೆಂಬರಿಗೂ ಒಂದು ಸ್ವೆಟರ್, ಒಂದು ಕೊಡೆ ಇರಲಿ.

ಹೊರಡುವ ದಿನ, ಇಳಿಯುವ ದಿನ

ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನ ಇದೆ. ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋಗುವವರು ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋದರೆ ನಗರದ ಟ್ರಾಫಿಕ್ ತಪ್ಪುತ್ತದೆ. ಶನಿವಾರ ಇಳಿಯುವಂತೆ ನೋಡಿಕೊಳ್ಳಿ. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಸೋಮವಾರ ಬೆಳಿಗ್ಗೆ ಮಟ್ಟ ನೋಡುವ ಪರೀಕ್ಷೆ ಇರುತ್ತದೆ.

ಶಾಲೆಯ ಪತ್ರ, ಮನೆಯ ವಿಳಾಸ, ವಿಮೆ, ವಾಪಸ್ ಟಿಕೆಟ್ ಇವುಗಳ ಪ್ರಿಂಟ್ ಕೈಚೀಲದಲ್ಲೇ ಇರಲಿ. 2025ರ ಅಕ್ಟೋಬರ್ 12ರಿಂದ ಶೆಂಗೆನ್ ಗಡಿಯಲ್ಲಿ ಬೆರಳಚ್ಚು, ಮುಖದ ಫೋಟೊ ದಾಖಲಿಸುವ ಹೊಸ ವ್ಯವಸ್ಥೆ ಬಂದಿದೆ, ಸಾಲು ಉದ್ದ ಇರಬಹುದು. ಶಾರ್ಲ್ ದ ಗೋಲ್ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲೇ ವೇಗದ ರೈಲಿನ ಸ್ಟೇಷನ್ ಇದೆ. ಲಿಯೊನ್, ಮೊಂಪೆಲಿಯೆ ಕಡೆಗೆ ಅಲ್ಲಿಂದಲೇ ನೇರ ರೈಲು ಸಿಗುತ್ತದೆ. ವಿಶಿಗಾದರೆ ಪ್ಯಾರಿಸ್ ಒಳಗೆ ಹೋಗಿ ರೈಲು ಹಿಡಿಯಬೇಕು. ವಿಮಾನ ಇಳಿಯುವುದಕ್ಕೂ ರೈಲಿಗೂ ಮೂರು ಗಂಟೆಯಾದರೂ ಅಂತರ ಇಡಿ. ತುರ್ತಿಗೆ 112. ಪಾಸ್‌ಪೋರ್ಟ್ ಕಳೆದರೆ ಪ್ಯಾರಿಸ್‌ನ ಭಾರತೀಯ ರಾಯಭಾರ ಕಚೇರಿ, ದಕ್ಷಿಣದ ಕಡೆಯಾದರೆ 2025ರಲ್ಲಿ ತೆರೆದ ಮಾರ್ಸೆ ಕಾನ್ಸುಲೇಟ್.

ಅಲ್ಲಿದ್ದಾಗ

ಅಂಗಡಿಗೆ ಕಾಲಿಟ್ಟ ಕೂಡಲೇ, ಬಸ್ಸು ಹತ್ತಿದ ಕೂಡಲೇ ಬೊಂಜೂರ್, ಅಂದರೆ ನಮಸ್ಕಾರ, ಎನ್ನಿ. ಹೇಳದೆ ನೇರ ಬೆಲೆ ಕೇಳಿದರೆ ಒರಟು ಎಂದು ತಿಳಿಯುತ್ತಾರೆ. ಎದುರಿಗಿದ್ದವರು ಇಂಗ್ಲಿಷಿಗೆ ಹೊರಳಿದರೆ, ಫ್ರೆಂಚ್ ಕಲಿಯೋಕೆ ಬಂದಿದ್ದೇನೆ ಎಂದು ಫ್ರೆಂಚಿನಲ್ಲೇ ಹೇಳಿ ಮುಂದುವರಿಸಿ. ಈ ಒಂದು ವಾಕ್ಯ ನಿದ್ದೆಯಲ್ಲೂ ಬರುವಂತಿರಲಿ. ರಾತ್ರಿ ಊಟಕ್ಕೆ ಬರುವುದಿಲ್ಲವಾದರೆ ಮನೆಯವರಿಗೆ ಬೆಳಿಗ್ಗೆಯೇ ತಿಳಿಸಿ. ಸ್ನಾನಕ್ಕೆ ಅರ್ಧ ಗಂಟೆ ಬಿಸಿನೀರು ಬಿಟ್ಟುಕೊಂಡು ನಿಲ್ಲಬೇಡಿ.

ಬೆಳಿಗ್ಗೆ ತರಗತಿ ಮುಗಿದ ಮೇಲೆ ದಿನಕ್ಕೊಂದು ಸಣ್ಣ ಕೆಲಸವನ್ನು ಫ್ರೆಂಚಿನಲ್ಲೇ ಮಾಡಿ. ಒಂದು ದಿನ ಅಂಚೆ ಕಚೇರಿಯಲ್ಲಿ ಸ್ಟಾಂಪು, ಇನ್ನೊಂದು ದಿನ ಲೈಬ್ರರಿಯಲ್ಲಿ ವಿಚಾರಣೆ, ಸಂತೆಯಲ್ಲಿ ಅರ್ಧ ಕಿಲೋ ಟೊಮ್ಯಾಟೊ. ತರಗತಿಯಲ್ಲಿ ಇನ್ನೊಬ್ಬ ಭಾರತೀಯರು ಸಿಕ್ಕರೆ ಖುಷಿಯೇ, ಆದರೆ ಮಧ್ಯಾಹ್ನವೆಲ್ಲ ಅವರ ಜೊತೆ ಇಂಗ್ಲಿಷಿನಲ್ಲಿ ಕಳೆದರೆ ಇಷ್ಟು ದೂರ ಬಂದದ್ದೇಕೆ? ಎರಡನೇ ವಾರದ ಕೊನೆಗೆ ತಲೆ ಕೆಟ್ಟು, ಏನೂ ಬರುತ್ತಿಲ್ಲ ಅನ್ನಿಸುತ್ತದೆ. ಎಲ್ಲರಿಗೂ ಆಗುತ್ತದೆ. ಆ ದಿನ ಕನ್ನಡದಲ್ಲಿ ಮನೆಗೆ ಫೋನ್ ಮಾಡಿ, ಮಲಗಿ.

ಕೊನೆಯ ಶುಕ್ರವಾರಕ್ಕೆ ಮೊದಲೇ ಶಾಲೆಯ ಕಚೇರಿಯಲ್ಲಿ ಹಾಜರಾತಿ ಪತ್ರ ಕೇಳಿಡಿ. ಎಷ್ಟು ಗಂಟೆ ಪಾಠ, ಯಾವ ಮಟ್ಟ ಎಂಬ ಎರಡೂ ಅದರಲ್ಲಿರಬೇಕು. ಬೆಂಗಳೂರಿನಲ್ಲಿ ಡೆಲ್ಫ್ ಎ2 ಪರೀಕ್ಷೆ ಯಾವಾಗ ಎಂದು ಹೊರಡುವ ಮೊದಲೇ ನೋಡಿಕೊಂಡು, ವಾಪಸ್ ಬಂದ ಒಂದೆರಡು ತಿಂಗಳೊಳಗಿನ ದಿನಾಂಕಕ್ಕೆ ಹೆಸರು ನೋಂದಾಯಿಸಿ. ಅಷ್ಟರೊಳಗೆ ಕಾಫಿ ಕೊಯ್ಲು ಶುರುವಾಗುವುದಿದ್ದರೆ ಇನ್ನೂ ಮೊದಲಿನ ದಿನಾಂಕ ಹಿಡಿಯಿರಿ.